ಸ್ಪೀಕರ್‌ನ ಶೋಕೇಸಿಂದ ಹೊರಗೆ ತನ್ನಿ

ನಮ್ಮ ಮನೆಗಳಲ್ಲಿ ಸ್ಪೀಕರ್ ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಕಾರ್ಪೆಂಟರ್. ಟಿವಿ ಯೂನಿಟ್ ಮಾಡುವಾಗ ಎರಡೂ ಕಡೆ ಒಂದೊಂದು ಗೂಡು ಬಿಟ್ಟಿರ್ತಾನೆ. ಸ್ಪೀಕರ್ ಅದರೊಳಗೆ ಹೋಗಿ ಕೂರುತ್ತೆ. ಅದರ ತಲೆ ಮೇಲೆ ಚನ್ನಪಟ್ಟಣದ ಬೊಂಬೆ, ಪಕ್ಕದಲ್ಲಿ ನಮ್ಮ ಹತ್ತನೇ ಕ್ಲಾಸಿನ ಟ್ರೋಫಿ. ಹಾಸ್ಟೆಲಲ್ಲಿ ಕಾರ್ಪೆಂಟರ್ ಇಲ್ಲ, ಹಾಗಾಗಿ ಒಂದು ಸ್ಪೀಕರ್ ಕಿಟಕಿ ಕಟ್ಟೆ ಮೇಲೆ, ಇನ್ನೊಂದು ಬೀರು ಮೇಲೆ. ಆಮೇಲೆ ‘ಸೌಂಡ್ ಯಾಕೋ ಸರಿ ಇಲ್ಲ ಮಗಾ’ ಅಂತ ಹೊಸ ಸ್ಪೀಕರಿನ ರಿವ್ಯೂ ನೋಡೋಕೆ ಶುರು ಮಾಡ್ತೀವಿ.

ಈ ಲೇಖನ ಆ ರಿವ್ಯೂ ನೋಡೋದಕ್ಕೂ ಮುಂಚಿನ ಹಂತದ್ದು. ಕೈಲಿರೋ ಸ್ಪೀಕರ್‌ನ ಒಂದೆರಡು ಅಡಿ ಸರಿಸಿದ್ರೆ ಆಗೋ ವ್ಯತ್ಯಾಸ, ಎಷ್ಟೋ ಸಲ ಎರಡರಷ್ಟು ದುಡ್ಡು ಕೊಟ್ಟು ತಂದ ಹೊಸ ಸ್ಪೀಕರಿಂದ ಬರಲ್ಲ. ಇದು ನಮ್ಮ ಅಭಿಪ್ರಾಯ ಅಷ್ಟೇ ಅಲ್ಲ, ಮೊದಲನೇ ಸೆಮಿಸ್ಟರಿನ ಫಿಸಿಕ್ಸ್. ನಾವು ಮೂರು ಜನ ಒಂದು ಅಳತೆ ಟೇಪು, ಒಂದು ಫೋನು ಇಟ್ಕೊಂಡು ಹಾಸ್ಟೆಲ್ ರೂಮಲ್ಲೂ, ನಮ್ಮಲ್ಲೊಬ್ಬಳ ತುಮಕೂರಿನ ಮನೆಯಲ್ಲೂ ಇದನ್ನ ಮಾಡಿ ನೋಡಿದೀವಿ.

ಮೊದಲು ಒಂದು ಲೆಕ್ಕ. ನಮ್ಮೂರ ಹವೆಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಅಂತ ಇಟ್ಕೊಳ್ಳಿ. ಅದನ್ನ ಆವರ್ತನದಿಂದ ಭಾಗಿಸಿದ್ರೆ ತರಂಗದ ಉದ್ದ ಸಿಗುತ್ತೆ. 100 ಹರ್ಟ್ಸ್‌ನ ಬೇಸ್ ತರಂಗ ಮೂರೂವರೆ ಮೀಟರ್, ಅಂದ್ರೆ ಹೆಚ್ಚುಕಮ್ಮಿ ನಿಮ್ಮ ರೂಮಿನಷ್ಟೇ ಉದ್ದ. 10,000 ಹರ್ಟ್ಸ್‌ನ ತರಂಗ ಮೂರೂವರೆ ಸೆಂಟಿಮೀಟರ್, ಅಂದ್ರೆ ನಿಮ್ಮ ಹೆಬ್ಬೆರಳಿಗಿಂತ ಚಿಕ್ಕದು. ಒಂದೇ ಡಬ್ಬದಿಂದ ಬರೋ ಈ ಎರಡು ಶಬ್ದ ಎರಡು ಬೇರೆ ಪ್ರಾಣಿಗಳ ಹಾಗೆ. ಉದ್ದ ತರಂಗಕ್ಕೆ ಸ್ಪೀಕರಿನ ಡಬ್ಬ ಒಂದು ಅಡ್ಡಿಯೇ ಅಲ್ಲ. ಅದು ಡಬ್ಬವನ್ನ ಬಳಸಿಕೊಂಡು ಹಿಂದಕ್ಕೂ ಹೋಗುತ್ತೆ, ಪಕ್ಕಕ್ಕೂ ಹೋಗುತ್ತೆ. ಚಿಕ್ಕ ತರಂಗ ಟಾರ್ಚ್ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗೆ ಹೋಗುತ್ತೆ. ಹಾಗಾಗಿ ಬೇಸ್ ಹೇಗಿರುತ್ತೆ ಅನ್ನೋದು ರೂಮಿಗೂ ಸ್ಪೀಕರಿಗೂ ಇರೋ ಸಂಬಂಧ. ಟ್ರೆಬಲ್ ಹೇಗಿರುತ್ತೆ ಅನ್ನೋದು ಸ್ಪೀಕರಿನ ಮುಖಕ್ಕೂ ನಿಮ್ಮ ಕಿವಿಗೂ ಇರೋ ಸಂಬಂಧ. ಇವೆರಡನ್ನೂ ಬೇರೆ ಬೇರೆಯಾಗಿ ಸರಿ ಮಾಡಬೇಕು.

ಗೋಡೆಯ ಕಾಟ

ಸ್ಪೀಕರಿನ ಹಿಂದಕ್ಕೆ ಹೋದ ಬೇಸ್ ಗೋಡೆಗೆ ಹೊಡೆದು ವಾಪಸ್ ಬರುತ್ತೆ. ಗೋಡೆ ತುಂಬಾ ಹತ್ತಿರ ಇದ್ರೆ ಹೋಗಿ ಬಂದ ತರಂಗ, ಮುಂದೆ ಹೊರಟ ತರಂಗದ ಜೊತೆ ಸೇರಿಕೊಳ್ಳುತ್ತೆ. ಒತ್ತಡ ಎರಡರಷ್ಟಾದ್ರೆ 6 ಡೆಸಿಬಲ್ ಹೆಚ್ಚು. ಇದು ಒಂದು ಗೋಡೆಯ ಲೆಕ್ಕ. ಸ್ಪೀಕರ್‌ನ ನೆಲದ ಮೇಲೆ, ಮೂಲೆಯಲ್ಲಿ ಇಟ್ರೆ ಎರಡು ಗೋಡೆ ಮತ್ತು ನೆಲ ಮೂರೂ ಸೇರಿ ಥಿಯರಿ ಪ್ರಕಾರ 18 ಡೆಸಿಬಲ್ ತನಕ ಹೋಗಬಹುದು. ಕೇಳಿದ ಮೊದಲ ಐದು ನಿಮಿಷ ‘ಏನ್ ಬೇಸ್ ಗುರೂ!’ ಅನಿಸುತ್ತೆ. ಹತ್ತನೇ ನಿಮಿಷಕ್ಕೆ ತಲೆ ಭಾರ. ಗಣೇಶನ ಪೆಂಡಾಲಿಗೆ ಈ ಬೇಸ್ ಸರಿ, ಭಾವಗೀತೆಗೆ ಅಲ್ಲ.

ಹಾಗಾದ್ರೆ ಗೋಡೆಯಿಂದ ದೂರ ತಂದ್ರೆ ಮುಗೀತಾ? ಇಲ್ಲ. ಇಲ್ಲಿ ಇನ್ನೊಂದು ತಮಾಷೆ ಇದೆ. ವೂಫರಿನಿಂದ ಗೋಡೆಗೆ ಇರೋ ದೂರ ತರಂಗದ ಉದ್ದದ ಕಾಲು ಭಾಗ ಆದಾಗ, ಹೋಗಿ ಬರೋ ದಾರಿ ಅರ್ಧ ತರಂಗ ಆಗುತ್ತೆ. ಅಂದ್ರೆ ವಾಪಸ್ ಬಂದದ್ದು ತಲೆಕೆಳಗಾಗಿ ಬಂದು ಮುಂದಿನದನ್ನ ತಿಂದು ಹಾಕುತ್ತೆ. ವೂಫರಿನ ಮುಖ ಹಿಂದಿನ ಗೋಡೆಯಿಂದ 60 ಸೆಂಟಿಮೀಟರ್ ಇದ್ರೆ ಆ ಗುಂಡಿ ಬೀಳೋದು 144 ಹರ್ಟ್ಸ್ ಹತ್ತಿರ. 30 ಸೆಂಟಿಮೀಟರ್ ಇದ್ರೆ 287ರ ಹತ್ತಿರ, 1 ಮೀಟರ್ ಇದ್ರೆ 86ರ ಹತ್ತಿರ. ಇದೇ ಆಟ ಪಕ್ಕದ ಗೋಡೆಯದ್ದೂ ನೆಲದ್ದೂ ಇರುತ್ತೆ. ಗುಂಡಿಯನ್ನ ಪೂರ್ತಿ ತಪ್ಪಿಸೋಕೆ ಆಗಲ್ಲ. ಆದ್ರೆ ಮೂರೂ ಗುಂಡಿ ಒಂದೇ ಜಾಗಕ್ಕೆ ಬೀಳದ ಹಾಗೆ ನೋಡ್ಕೋಬಹುದು. ವೂಫರಿನಿಂದ ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಈ ಮೂರೂ ದೂರ ಬೇರೆ ಬೇರೆ ಇರಲಿ. ಉದಾಹರಣೆಗೆ 60, 50, 80 ಸೆಂಟಿಮೀಟರ್. ಎಲ್ಲಾ ಕಡೆಯಿಂದಲೂ ಸರಿಯಾಗಿ ಎರಡೆರಡು ಅಡಿ ಅಂತ ಅಂದವಾಗಿ ಇಡೋದೇ ಕೆಟ್ಟ ಜಾಗ.

ಇನ್ನು ರೂಮು. ಎರಡು ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹಿಡಿಸೋ ಆವರ್ತನದಲ್ಲಿ ರೂಮು ತಾನೇ ಮೊಳಗೋಕೆ ಶುರು ಮಾಡುತ್ತೆ. ಬಾತ್‌ರೂಮಲ್ಲಿ ಹಾಡುವಾಗ ಒಂದು ಸ್ವರ ಮಾತ್ರ ಇದ್ದಕ್ಕಿದ್ದಂತೆ ದಪ್ಪ ಆಗುತ್ತಲ್ಲ, ಅದೇ ಇದು. ಇದಕ್ಕೆ ರೂಮ್ ಮೋಡ್ ಅಂತಾರೆ. ಲೆಕ್ಕ ಸುಲಭ: ಶಬ್ದದ ವೇಗವನ್ನ ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. ಅದು ಮೊದಲ ಮೋಡ್. ಅದರ ಎರಡರಷ್ಟು ಎರಡನೇದು, ಮೂರರಷ್ಟು ಮೂರನೇದು. ಮೋಡ್‌ನಲ್ಲಿ ಒತ್ತಡ ಅತಿ ಹೆಚ್ಚು ಇರೋದು ಗೋಡೆ ಹತ್ತಿರ. ಮೊದಲ ಮೋಡ್ ಸೊನ್ನೆ ಆಗೋದು ರೂಮಿನ ನಟ್ಟ ನಡುವೆ. ಅದಕ್ಕೇ ಒಂದೇ ಹಾಡು ಗೋಡೆಗೆ ಒರಗಿ ಕೂತವನಿಗೆ ಗುಂಯ್ ಅಂತಲೂ, ನಡುವೆ ಚೇರ್ ಹಾಕ್ಕೊಂಡವನಿಗೆ ಒಣಕಲಾಗಿಯೂ ಕೇಳಿಸೋದು. ಇಬ್ಬರೂ ಜಗಳ ಆಡ್ತಾರೆ, ಇಬ್ಬರೂ ಹೇಳೋದು ನಿಜ.

ತುಮಕೂರಿನ ಹಾಲು

ಈಗ ತುಮಕೂರಿನ ಮನೆ ವಿಷಯಕ್ಕೆ ಬರೋಣ. ಅಲ್ಲಿ ತಾತ ಇದ್ದಾರೆ, ರಿಟೈರ್ಡ್ ಮೇಷ್ಟ್ರು. ಸಿ. ಅಶ್ವಥ್ ಹಾಡಿರೋ ಶಿಶುನಾಳ ಶರೀಫರ ತತ್ವಪದ ಅಂದ್ರೆ ಅವರಿಗೆ ಪ್ರಾಣ. ಎರಡು ವರ್ಷದಿಂದ ಅವರದ್ದು ಒಂದೇ ಮಾತು: ‘ಹಾಡು ಕೇಳ್ಸುತ್ತಮ್ಮ, ಪದ ಕೇಳ್ಸಲ್ಲ.’ ಪದ ಕೇಳಿಸಲಿ ಅಂತ ವಾಲ್ಯೂಮ್ ಏರಿಸ್ತಾರೆ. ಏರಿಸಿದ್ರೆ ಅಡುಗೆಮನೆಯಿಂದ ಸೊಸೆಯ ದನಿ ಬರುತ್ತೆ, ಪಕ್ಕದ ಮನೆ ಮಗು ಏಳುತ್ತೆ. ಕೊನೆಕೊನೆಗೆ ಅವರು ಹಾಡು ಹಾಕೋದನ್ನೇ ಬಿಟ್ಟಿದ್ರು. ಇಎನ್‌ಟಿ ಡಾಕ್ಟರ್ ನೋಡಿ, ವಯಸ್ಸಿಗೆ ತಕ್ಕ ಹಾಗೆ ಮೇಲಿನ ಆವರ್ತನ ಸ್ವಲ್ಪ ಕಮ್ಮಿ ಆಗಿದೆ ಅಂದಿದ್ರು. ಮನೆಯವರು 18,000 ರೂಪಾಯಿಯ ಹೊಸ ಸ್ಪೀಕರ್ ನೋಡ್ತಾ ಇದ್ರು.

ನಾವು ಹಾಲ್ ಅಳೆದ್ವಿ. ಉದ್ದ 14 ಅಡಿ, ಅಗಲ 11, ಎತ್ತರ 10. ಮೇಲಿನ ಲೆಕ್ಕ ಹಾಕಿದ್ರೆ ಮೊದಲ ಮೋಡ್‌ಗಳು 40, 51, 57 ಹರ್ಟ್ಸ್. ಎರಡನೇವು 81, 103, 113. ಗಂಡಸಿನ ಮಾತಿನ ದನಿಯ ಮೂಲ ಆವರ್ತನ ಹೆಚ್ಚುಕಮ್ಮಿ 85ರಿಂದ 180 ಹರ್ಟ್ಸ್. ಅಂದ್ರೆ ಗಾಯಕರ ದನಿ ಎಲ್ಲಿ ಶುರು ಆಗುತ್ತೋ ಸರಿಯಾಗಿ ಅಲ್ಲೇ ಆ ಹಾಲು ಮೊಳಗ್ತಾ ಇತ್ತು. ಅದರ ಮೇಲೆ ಸ್ಪೀಕರ್ ಇದ್ದದ್ದು ಗೋಡೆಯ ಗೂಡಲ್ಲಿ. ತಾತ ಕೂರೋ ಚೇರ್ ಇದ್ದದ್ದು ಎದುರು ಗೋಡೆಗೆ ಅಂಟಿಕೊಂಡು. ಮೋಡ್‌ನ ಎರಡೂ ತುದಿ, ಒತ್ತಡ ಅತಿ ಹೆಚ್ಚಿರೋ ಎರಡು ಜಾಗ. ಯಾರಾದ್ರೂ ಬೇಕಂತಲೇ ಯೋಚನೆ ಮಾಡಿ ಇಟ್ಟಿದ್ರೂ ಇದಕ್ಕಿಂತ ಕೆಟ್ಟದಾಗಿ ಇಡೋಕೆ ಆಗ್ತಿರಲಿಲ್ಲ.

ಪದ ಯಾಕೆ ಕಳೆದುಹೋಗುತ್ತೆ ಅಂದ್ರೆ, ಮಾತಿನ ಅರ್ಥ ಬಹಳಷ್ಟು ಇರೋದು ವ್ಯಂಜನಗಳಲ್ಲಿ. ಸ, ಶ, ತ, ಕ ಇವುಗಳ ಗುರುತು ಇರೋದು 2,000 ಹರ್ಟ್ಸ್ ಮತ್ತು ಅದರ ಮೇಲೆ. ಇವು ಸ್ವರಗಳಿಗೆ ಹೋಲಿಸಿದ್ರೆ ತುಂಬಾ ಸಣ್ಣ ಶಬ್ದಗಳು. ನಮ್ಮ ಕಿವಿಯ ಸ್ವಭಾವ ಏನಂದ್ರೆ, ಜೋರಾದ ಕೆಳಗಿನ ಶಬ್ದ ಅದಕ್ಕಿಂತ ಮೇಲಿನ ಶಬ್ದವನ್ನ ಮುಚ್ಚಿಹಾಕುತ್ತೆ. ಉಲ್ಟಾ ಅಷ್ಟು ಸುಲಭವಾಗಿ ಆಗಲ್ಲ. ನಮ್ಮ ವಯಸ್ಸಿನ ಕಿವಿ ಹೇಗೋ ಮ್ಯಾನೇಜ್ ಮಾಡುತ್ತೆ. ಮೇಲಿನ ಆವರ್ತನ ಆಗಲೇ ಕಮ್ಮಿ ಆಗಿರೋ ಎಪ್ಪತ್ತೆಂಟರ ಕಿವಿಗೆ ಅದು ಆಗಲ್ಲ. ವಾಲ್ಯೂಮ್ ಏರಿಸಿದ್ರೆ ಮೊಳಗೋದೂ ಅಷ್ಟೇ ಏರುತ್ತೆ, ಹಾಗಾಗಿ ಪದ ಇದ್ದಲ್ಲೇ ಇರುತ್ತೆ.

ಚೇರ್‌ನ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತಂದ್ವಿ. ಕೊಸೈನ್ ಹಾಕಿ ನೋಡಿದ್ರೆ 81 ಹರ್ಟ್ಸ್ ಮೋಡ್ ಆ ಜಾಗದಲ್ಲಿ ಗೋಡೆಗಿಂತ ಸುಮಾರು 7 ಡೆಸಿಬಲ್ ಕಮ್ಮಿ ಇರಬೇಕು. ಸ್ಪೀಕರ್‌ನ ಗೂಡಿಂದ ತೆಗೆದು ಸ್ಟೂಲ್ ಮೇಲೆ ಇಟ್ವಿ, ಮುಖ ಗೋಡೆಯಿಂದ 60 ಸೆಂಟಿಮೀಟರ್. ಫೋನಿನ ಮೈಕು ಬೇಸ್ ಅಳೆಯೋಕೆ ಅಷ್ಟು ನಂಬಿಕೆಯದ್ದಲ್ಲ, ಆದ್ರೆ ಒಂದೇ ಫೋನಲ್ಲಿ ಮೊದಲು-ಆಮೇಲೆ ಹೋಲಿಸೋಕೆ ಸಾಕು. ಚೇರ್ ಇರೋ ಜಾಗದಲ್ಲಿ ಆ ಗುಡ್ಡ ಕಣ್ಣಿಗೆ ಕಾಣೋಷ್ಟು ಇಳಿದಿತ್ತು. ಲ್ಯಾಪ್‌ಟಾಪ್ ಇರೋರು ರೂಮ್ ಇಕ್ಯೂ ವಿಜಾರ್ಡ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು, ಒಂದು ಸಾಧಾರಣ ಅಳತೆ ಮೈಕ್ ಸಿಕ್ಕಿದ್ರೆ ಇನ್ನೂ ಚೆನ್ನಾಗಿ ಮಾಡಬಹುದು.

ತಾತನಿಗೆ ಅವರು ಕೇಳಿರದ ಹಾಡು ಹಾಕಿ, ಕೇಳಿಸಿದ್ದನ್ನ ಬರೀರಿ ಅಂದ್ವಿ. ಮೇಷ್ಟ್ರಲ್ವಾ, ಉಕ್ತಲೇಖನ ಬರೆಸಿ ಅಭ್ಯಾಸ. ಬರೆಯೋದು ಇದೇ ಮೊದಲು ಅಂತ ನಕ್ಕರು. ಹಳೇ ಜಾಗದಲ್ಲಿ ಬರೆದ ಹಾಳೆಯಲ್ಲಿ ಸಾಲಿಗೊಂದಾದ್ರೂ ಖಾಲಿ ಜಾಗ ಇತ್ತು. ಹೊಸ ಜಾಗದಲ್ಲಿ ಇನ್ನೊಂದು ಹಾಡಿಗೆ ಬರೆದ ಹಾಳೆಯಲ್ಲಿ ಬಿಟ್ಟುಹೋದ ಪದ ಅಲ್ಲೊಂದು ಇಲ್ಲೊಂದು. ಇದು ಸರಿಯಾದ ಪ್ರಯೋಗ ಅಲ್ಲ, ಹಾಡು ಬೇರೆ, ಕಿವಿ ಒಬ್ಬರದ್ದೇ. ಆದ್ರೆ ರಿಮೋಟಲ್ಲಿ ವಾಲ್ಯೂಮ್ 22ರಿಂದ 15ಕ್ಕೆ ಬಂದಿತ್ತು, ಅದನ್ನ ಅವರೇ ಇಳಿಸಿದ್ದು. ಕಿವಿಯ ಮಷೀನ್ ಬೇಕಾದವರಿಗೆ ಅದು ಬೇಕೇ, ಸ್ಪೀಕರ್ ಸರಿಸೋದು ಅದರ ಬದಲಿ ಅಲ್ಲ. ಆದ್ರೆ ‘ತಾತನಿಗೆ ಕೇಳಿಸಲ್ಲ’ ಅಂತ ಎಲ್ಲಾ ತಪ್ಪನ್ನೂ ತಾತನ ಕಿವಿ ಮೇಲೆ ಹಾಕೋಕೆ ಮುಂಚೆ ಹಾಲನ್ನ ಒಂದ್ಸಲ ಅಳೀರಿ.

ಗೂಡಿಂದ ತೆಗೆಯೋಕೆ ಮನೆಯಲ್ಲಿ ಒಪ್ಪಲ್ಲ ಅನ್ನೋರಿಗೆ ಎರಡು ಮಾತು. ಸ್ಪೀಕರ್‌ನ ಗೂಡಿನ ಅಂಚಿನ ತನಕ ಮುಂದಕ್ಕೆ ಎಳೀರಿ, ಮುಖ ಹಲಗೆಗಿಂತ ಒಂದು ಬೆರಳು ಮುಂದೆ ಇರಲಿ. ಒಳಗೆ ಸುತ್ತ ಉಳಿದಿರೋ ಖಾಲಿ ಜಾಗ ಮಡಕೆಯ ಹಾಗೆ ಮೊಳಗುತ್ತೆ, ಅಲ್ಲಿ ಪುಸ್ತಕ, ಹಳೇ ಟವೆಲ್ ತುಂಬಿ. ಆಂಪ್ಲಿಫೈಯರ್ ಒಳಗೇ ಇರೋ ಸ್ಪೀಕರ್ ಆದ್ರೆ ಬಿಸಿಯಾಗೋ ಬೆನ್ನನ್ನ ಮಾತ್ರ ಮುಚ್ಚಬೇಡಿ. ಸ್ಪೀಕರಿನ ಬೆನ್ನಲ್ಲಿ ಗಾಳಿ ಬರೋ ತೂತು ಇದ್ರೆ ಅದಕ್ಕೊಂದು ಒಗೆದ ಸಾಕ್ಸ್ ಸುತ್ತಿ ತುರುಕಿ. ಒಗೆದದ್ದು ಅಂತ ಒತ್ತಿ ಹೇಳ್ತಾ ಇದೀವಿ. ಬೇಸ್ ಸ್ವಲ್ಪ ಕಮ್ಮಿ ಆಗುತ್ತೆ, ಗೂಡಲ್ಲಿ ಅದು ಹೇಗಿದ್ರೂ ಜಾಸ್ತಿನೇ ಇತ್ತು.

ಸಬ್‌ವೂಫರ್ ಇರೋ ಮನೆಗೆ ಒಂದು ಮಜಾ ಉಪಾಯ ಇದೆ. ಸಬ್‌ವೂಫರ್‌ನ ನೀವು ಕೂರೋ ಜಾಗದಲ್ಲಿ ಇಟ್ಟು, ಬೇಸ್ ಇರೋ ಹಾಡು ಹಾಕಿ, ನೀವು ಅಂಬೆಗಾಲಲ್ಲಿ ಗೋಡೆ ಉದ್ದಕ್ಕೂ ಹೋಗಿ. ಎಲ್ಲಿ ಬೇಸ್ ಸಮವಾಗಿ, ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತೋ ಅಲ್ಲಿ ಸಬ್‌ವೂಫರ್ ಇಡಿ. ಶಬ್ದದ ಮೂಲವನ್ನೂ ಕಿವಿಯನ್ನೂ ಅದಲು ಬದಲು ಮಾಡಿದ್ರೆ ನಡುವಿನ ರೂಮು ಹಾಗೇ ವರ್ತಿಸುತ್ತೆ. ನೆಟ್‌ವರ್ಕ್ ಥಿಯರಿಯಲ್ಲಿ ಓದಿದ ರೆಸಿಪ್ರಾಸಿಟಿ ಇಲ್ಲೂ ಕೆಲಸ ಮಾಡುತ್ತೆ. ಮನೆಯವರು ನೋಡಿದ್ರೆ ಏನಂತಾರೋ, ಅದು ನಿಮ್ಮ ಜವಾಬ್ದಾರಿ.

ತ್ರಿಕೋನ

ಬೇಸ್ ಆಯ್ತು, ಈಗ ದಿಕ್ಕು. ಎರಡು ಸ್ಪೀಕರ್ ಇಟ್ಟು ನಡುವೆ ಗಾಯಕ ನಿಂತ ಹಾಗೆ ಕೇಳಿಸೋದು ಒಂದು ಭ್ರಮೆ. ನಡುವೆ ಏನೂ ಇಲ್ಲ. ಬ್ರಿಟನ್ನಿನ ಇಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದ. ಎರಡೂ ಕಿವಿಗೆ ಶಬ್ದ ತಲುಪೋ ಸಮಯ ಮತ್ತು ಜೋರಿನ ವ್ಯತ್ಯಾಸದಿಂದ ಮೆದುಳು ದಿಕ್ಕು ಗೊತ್ತುಮಾಡುತ್ತೆ. ಪಕ್ಕದಿಂದ ಬರೋ ಶಬ್ದಕ್ಕೆ ಎರಡು ಕಿವಿಗಳ ನಡುವೆ ಆಗೋ ವ್ಯತ್ಯಾಸ ಹೆಚ್ಚು ಅಂದ್ರೆ 0.7 ಮಿಲಿಸೆಕೆಂಡ್ ಆಸುಪಾಸು. ಈಗ ಒಂದು ಸ್ಪೀಕರ್ ನಿಮಗೆ 20 ಸೆಂಟಿಮೀಟರ್ ಹತ್ತಿರ ಇದ್ರೆ ಅದರ ಶಬ್ದ 0.6 ಮಿಲಿಸೆಕೆಂಡ್ ಮುಂಚೆ ಬರುತ್ತೆ. ಗಾಯಕ ನಡು ಬಿಟ್ಟು ಆ ಕಡೆಗೆ ಜಾರಿಬಿಡ್ತಾನೆ.

ಅದಕ್ಕೇ ಸಮಬಾಹು ತ್ರಿಕೋನ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ಒಂದೊಂದರಿಂದ ನಿಮ್ಮ ತಲೆಗೂ ಅಷ್ಟೇ ದೂರ. ಟೇಪ್ ಇಲ್ಲದಿದ್ರೆ ಒಂದು ದಾರ ಸಾಕು. ಟ್ವೀಟರ್ ಕೂತಾಗಿನ ಕಿವಿಯ ಮಟ್ಟದಲ್ಲಿ ಇರಲಿ. ಸೋಫಾ, ಚೇರ್ ಮೇಲೆ ಕೂತರೆ ಸುಮಾರು ಒಂದು ಮೀಟರ್ ಎತ್ತರ. ಅಷ್ಟು ಎತ್ತರಿಸೋಕೆ ಆಗದಿದ್ರೆ ಮುಂದೆ ಒಂದು ಪುಸ್ತಕ ಕೊಟ್ಟು ಮುಖ ಮೇಲಕ್ಕೆ ಓರೆ ಮಾಡಿ. ನಿಲ್ಲಿಸೋಕೆ ಮಾಡಿದ ಸ್ಪೀಕರ್‌ನ ಜಾಗ ಇಲ್ಲ ಅಂತ ಮಲಗಿಸಬೇಡಿ. ವೂಫರು, ಟ್ವೀಟರು ಅಕ್ಕಪಕ್ಕ ಬಂದ್ರೆ ನೀವು ತಲೆ ಆ ಕಡೆ ಈ ಕಡೆ ಮಾಡಿದಾಗಲೆಲ್ಲ ಎರಡರ ದೂರ ಬದಲಾಗಿ, ಎರಡೂ ಸೇರೋ ಆವರ್ತನದಲ್ಲಿ ಶಬ್ದ ಏರಿಳಿಯುತ್ತೆ.

ಮುಖ ಎಷ್ಟು ಒಳಕ್ಕೆ ತಿರುಗಿಸಬೇಕು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಪೂರ್ತಿ ನಿಮ್ಮ ಕಡೆಗೆ ತಿರುಗಿಸಿದ್ರೆ ಟ್ರೆಬಲ್ ಹೆಚ್ಚು, ನಡುವಿನ ದನಿ ಗಟ್ಟಿ. ನೇರ ಇಟ್ರೆ ಹರವು ಹೆಚ್ಚು, ಅಂಚು ಸ್ವಲ್ಪ ಮೆತ್ತಗೆ. ತಾತನಿಗೆ ಪೂರ್ತಿ ತಿರುಗಿಸಿದ್ದು ಸರಿ ಹೋಯ್ತು, ನಮಗೆ ಅದು ಕಿವಿಗೆ ಚುಚ್ಚಿದ ಹಾಗೆ ಅನಿಸ್ತು. ಹಾಡಿನ ಬದಲು ವಾರ್ತೆ ಹಾಕಿ ನೋಡಿ. ಓದೋರು ಒಂದೇ ಜಾಗದಲ್ಲಿ, ಒಂದು ಬಾಯಿಯಷ್ಟು ಅಗಲದಲ್ಲಿ ಕೂತಿರಬೇಕು. ಗೋಡೆ ತುಂಬಾ ಹರಡಿಕೊಂಡಿದ್ರೆ ಅಥವಾ ತಲೆಯೊಳಗೆ ಮಾತಾಡಿದ ಹಾಗೆ ಅನಿಸಿ ಬೇಸೇ ಇಲ್ಲದಿದ್ರೆ, ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲು ಬದಲಾಗಿರುತ್ತೆ. ವೈರ್ ಬಗ್ಗೆ ಅಷ್ಟು ನೋಡಿದ್ರೆ ಸಾಕು. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ 3 ಮೀಟರ್ ಎಳೆದ್ರೆ ಹೋಗಿ ಬರೋ ರೋಧ 0.07 ಓಮ್. 8 ಓಮ್ ಸ್ಪೀಕರಿಗೆ ಇದು ಲೆಕ್ಕಕ್ಕೇ ಇಲ್ಲ. ಸಾವಿರಾರು ರೂಪಾಯಿಯ ಕೇಬಲ್ ಮಾರೋರಿಗೆ ಈ ಸಾಲು ತೋರಿಸಿ.

ಪಕ್ಕದ ಗೋಡೆಯಿಂದ ಹೊಡೆದು ಬರೋ ಟ್ರೆಬಲ್ಲಿಗೆ ಕನ್ನಡಿ ಉಪಾಯ. ನೀವು ಕೂತಿರಿ, ಗೆಳೆಯ ಒಂದು ಕನ್ನಡಿ ಹಿಡಿದು ಪಕ್ಕದ ಗೋಡೆ ಉದ್ದಕ್ಕೂ ಸರಿಸಲಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗದಿಂದಲೇ ಶಬ್ದವೂ ನಿಮಗೆ ಬರೋದು. ಅಲ್ಲಿ ದಪ್ಪ ಕರ್ಟನ್, ಪುಸ್ತಕದ ಕಪಾಟು, ಏನೂ ಇಲ್ಲದಿದ್ರೆ ಒಣಗೋಕೆ ಹಾಕಿದ ಕಂಬಳಿ.

ಅಲುಗಾಡಬಾರದು, ಆದ್ರೆ ಯಾಕೆ?

ಸ್ಪೀಕರ್ ಗಟ್ಟಿಯಾಗಿ ಕೂರಬೇಕು ಅಂತ ಎಲ್ಲರೂ ಹೇಳ್ತಾರೆ. ಕಾರಣ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು. ನ್ಯೂಟನ್ನಿನ ಮೂರನೇ ನಿಯಮ ನಮಗೆ ಗೊತ್ತು: ಕೋನ್ ಮುಂದಕ್ಕೆ ಹೋದ್ರೆ ಡಬ್ಬ ಹಿಂದಕ್ಕೆ. ಕೋನ್ 12 ಗ್ರಾಂ, ಡಬ್ಬ 5 ಕೆಜಿ ಅಂತ ಇಟ್ಕೊಂಡ್ರೆ, ಕೋನ್ 4 ಮಿಲಿಮೀಟರ್ ಚಲಿಸಿದಾಗ ಡಬ್ಬ ಚಲಿಸೋದು ಮಿಲಿಮೀಟರಿನ ನೂರನೇ ಒಂದು ಭಾಗ. ಇಷ್ಟು ಸಣ್ಣ ಅಲುಗಾಟ ತಾನಾಗಿ ದೊಡ್ಡ ತೊಂದರೆ ಅಲ್ಲ. ತೊಂದರೆ ಕೆಳಗಿರೋ ಹಲಗೆಯದ್ದು. ಲ್ಯಾಬಲ್ಲಿ ಶ್ರುತಿಕವೆಯನ್ನ ಕೈಯಲ್ಲಿ ಹಿಡಿದ್ರೆ ಸದ್ದೇ ಕೇಳಲ್ಲ, ಬುಡವನ್ನ ಟೇಬಲ್ಲಿಗೆ ಒತ್ತಿದ್ರೆ ಇಡೀ ಟೇಬಲ್ ಹಾಡುತ್ತೆ. ಸ್ಪೀಕರ್ ಕೆಳಗಿನ ಪ್ಲೈವುಡ್ ಹಲಗೆ, ಡ್ರಾಯರಿರೋ ಟೇಬಲ್, ಬೀರುವಿನ ತಗಡು ಎಲ್ಲಾ ಅದೇ ಕೆಲಸ ಮಾಡ್ತವೆ. ಅವುಗಳ ಮೇಲ್ಮೈ ವೂಫರಿಗಿಂತ ಎಷ್ಟೋ ದೊಡ್ಡದು. ನೀವು ಕೇಳ್ತಾ ಇರೋದು ಅರ್ಧ ಸ್ಪೀಕರು, ಅರ್ಧ ಬೀರು. ಅನುಮಾನ ಇದ್ರೆ ಬೇಸ್ ಇರೋ ಹಾಡು ಹಾಕಿ ಹಲಗೆ ಮೇಲೆ ಅಂಗೈ ಇಡಿ.

ಪರಿಹಾರ, ನಡುವೆ ಒಂದು ಸ್ಪ್ರಿಂಗ್. ಭಾರ ಇಟ್ಟಾಗ ರಬ್ಬರ್ ಎಷ್ಟು ಕುಗ್ಗುತ್ತೆ ಅನ್ನೋದರಿಂದಲೇ ಅದರ ಸ್ವಾಭಾವಿಕ ಆವರ್ತನ ಅಂದಾಜು ಮಾಡಬಹುದು. 1 ಮಿಲಿಮೀಟರ್ ಕುಗ್ಗಿದ್ರೆ ಸುಮಾರು 16 ಹರ್ಟ್ಸ್, 3 ಮಿಲಿಮೀಟರ್ ಕುಗ್ಗಿದ್ರೆ 9. ಆ ಆವರ್ತನದ 1.4ರಷ್ಟು ಮೇಲಕ್ಕೆ ಹೋದ ಮೇಲೆ ಮಾತ್ರ ಕಂಪನ ಕೆಳಗೆ ದಾಟೋದು ಕಮ್ಮಿ ಆಗೋಕೆ ಶುರು. ನಿಜವಾದ ರಬ್ಬರ್ ಕಂಪಿಸುವಾಗ ಸ್ವಲ್ಪ ಬಿಗಿಯಾಗುತ್ತೆ, ಹಾಗಾಗಿ ಅಂಕಿ ಇದಕ್ಕಿಂತ ಮೇಲೇ ಇರುತ್ತೆ. ಹಾಸ್ಟೆಲಲ್ಲಿ ನಾವು ಹಾಕಿದ್ದು ಸವೆದ ಹವಾಯಿ ಚಪ್ಪಲಿಯ ತುಂಡು, ಒಂದೊಂದು ಸ್ಪೀಕರಿಗೆ ನಾಲ್ಕು. ತುಂಡು ದೊಡ್ಡದಾದ್ರೆ ಕುಗ್ಗೋದೇ ಇಲ್ಲ, ಚಿಕ್ಕದಾದ್ರೆ ಸ್ಪೀಕರ್ ಕುಡಿದವನ ಹಾಗೆ ತೂಗಾಡುತ್ತೆ. ಬೆರಳಲ್ಲಿ ತಳ್ಳಿದ್ರೆ ಒಂದ್ಸಲ ಅಲುಗಿ ನಿಲ್ಲಬೇಕು, ಅಷ್ಟು.

ಚೂಪು ಮೊಳೆಯ ಕಾಲುಗಳು ಕಂಪನ ತಡೆಯಲ್ಲ. ಅವು ದಪ್ಪ ಕಾರ್ಪೆಟ್ ಇರೋ ದೇಶಗಳಲ್ಲಿ ಕಾರ್ಪೆಟ್ ದಾಟಿ ಗಟ್ಟಿ ನೆಲ ಮುಟ್ಟೋಕೆ ಚೆನ್ನಾಗಿ ಕೆಲಸ ಮಾಡ್ತವೆ. ನಮ್ಮ ಟೈಲ್ಸ್ ನೆಲದ ಮೇಲೆ ಅವು ಮಾಡೋ ಕೆಲಸ ಗೀರು ಹಾಕೋದು. ಹಾಕಲೇಬೇಕಾದ್ರೆ ಅಡಿಗೆ ಒಂದೊಂದು ನಾಣ್ಯ ಇಡಿ.

ಬೀಳೋ ವಿಷಯ ಇದಕ್ಕಿಂತ ಮುಖ್ಯ. 5 ಕೆಜಿ ಸ್ಪೀಕರ್ ಮುಕ್ಕಾಲು ಮೀಟರ್ ಎತ್ತರದಲ್ಲಿ, ಮನೆಯಲ್ಲಿ ಓಡಾಡೋ ಮಗು ಅಥವಾ ಬೆಕ್ಕು. ತುಮಕೂರಲ್ಲಿ ಕಾರ್ಪೆಂಟರ್ ಹತ್ರ 75 ಸೆಂಟಿಮೀಟರ್ ಎತ್ತರದ ಎರಡು ಸ್ಟೂಲ್ ಮಾಡಿಸಿದ್ವಿ, ಕಾಲುಗಳು ಕೆಳಗೆ 45 ಸೆಂಟಿಮೀಟರ್ ಚೌಕಕ್ಕೆ ಹರಡೋ ಹಾಗೆ, ನೆಲದಿಂದ ಒಂದು ಗೇಣು ಮೇಲೆ ಒಂದು ಅಡ್ಡ ಹಲಗೆ. ಆ ಹಲಗೆ ಮೇಲೆ ಒಂದು 6 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್. ಅಳತೆಯಿಂದ ಲೆಕ್ಕ ಹಾಕಿದ್ರೆ ಅದರ ತೂಕ 24 ಕೆಜಿ ಆಸುಪಾಸು. ಬ್ಲಾಕ್ ಇಲ್ಲದೆ ಗುರುತ್ವ ಕೇಂದ್ರ 68 ಸೆಂಟಿಮೀಟರ್ ಎತ್ತರದಲ್ಲಿತ್ತು, 18 ಡಿಗ್ರಿ ವಾಲಿದ್ರೆ ಮಗುಚೋದು. ಬ್ಲಾಕ್ ಇಟ್ಟ ಮೇಲೆ ಕೇಂದ್ರ 35 ಸೆಂಟಿಮೀಟರಿಗೆ ಇಳೀತು, ಈಗ 33 ಡಿಗ್ರಿ ತನಕ ವಾಲಿದ್ರೂ ವಾಪಸ್ ಬರುತ್ತೆ. ಮೂರು ಕಾಲಿನ ಸ್ಟೂಲ್ ಸೊಟ್ಟ ನೆಲದಲ್ಲೂ ಕುಂಟಲ್ಲ ಅನ್ನೋದು ನಿಜ, ಆದ್ರೆ ಅಷ್ಟೇ ಅಗಲದ ನಾಲ್ಕು ಕಾಲಿಗಿಂತ ಬೇಗ ಬೀಳುತ್ತೆ. ವೈರ್‌ನ ಸ್ಟೂಲಿನ ಕಾಲಿಗೆ ಒಂದು ಸುತ್ತು ಕಟ್ಟಿ. ಯಾರಾದ್ರೂ ಎಡವಿದ್ರೆ ಎಳೆತ ಕೆಳಗಿನ ಭಾರಕ್ಕೆ ಬೀಳಲಿ, ಮೇಲಿನ ಸ್ಪೀಕರಿಗೆ ಬೇಡ.

ಹಾಸ್ಟೆಲ್ ರೂಮಿನ ಕಥೆ

ಹಾಸ್ಟೆಲಲ್ಲಿ ತ್ರಿಕೋನ, ಎರಡಡಿ ಜಾಗ ಎಲ್ಲಾ ಕನಸು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ 57 ಹರ್ಟ್ಸ್ ಹತ್ತಿರ ಎರಡು ಮೋಡ್ ಒಂದರ ಮೇಲೊಂದು ಕೂತಿವೆ. ಬೆನ್ನಿಗೆ ಖಾಲಿ ಗೋಡೆಗಳು. ಒಂದು ಚಪ್ಪಾಳೆ ತಟ್ಟಿ, ಗೋಡೆಗಳ ನಡುವೆ ಅದು ಟ್ರ್‌ರ್ ಅಂತ ಓಡಾಡೋದು ಕೇಳಿಸುತ್ತೆ.

1895ರಲ್ಲಿ ಹಾರ್ವರ್ಡಿನಲ್ಲಿ ವಾಲೇಸ್ ಸೇಬಿನ್ ಅನ್ನೋ 27 ವರ್ಷದ ಫಿಸಿಕ್ಸ್ ಮೇಷ್ಟ್ರಿಗೆ ಇಂಥದ್ದೇ ಒಂದು ಲೆಕ್ಚರ್ ಹಾಲ್ ಸರಿ ಮಾಡು ಅಂತ ಹೇಳಿದ್ರು. ಆ ಹಾಲಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ಅರ್ಥ ಆಗ್ತಿರಲಿಲ್ಲ. ನಮ್ಮ ಕೆಲವು ಕ್ಲಾಸುಗಳಿಗೆ ಕಾರಣ ಬೇರೆ ಇರಬಹುದು, ಅಲ್ಲಿ ಕಾರಣ ಪ್ರತಿಧ್ವನಿ. ಸೇಬಿನ್ ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಕುಶನ್‌ಗಳನ್ನ ಹೊತ್ತು ತಂದು, ಒಂದಿಷ್ಟು ಇಟ್ಟು ಅಳೆದು, ಇನ್ನೊಂದಿಷ್ಟು ಇಟ್ಟು ಅಳೆದು, ಬೆಳಗಾಗೋದ್ರೊಳಗೆ ವಾಪಸ್ ಇಡಿಸ್ತಿದ್ದ. ಅದರಿಂದ ಬಂದ ಸೂತ್ರವೇ ಇವತ್ತಿಗೂ ಓದೋದು: ಮೊಳಗು ನಿಲ್ಲೋ ಸಮಯ ಅಂದ್ರೆ 0.161ನ್ನ ಘನಗಾತ್ರದಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸೋದು. ಚಿಕ್ಕ ರೂಮಿಗೆ ಅದು ಅಂದಾಜು ಮಾತ್ರ. ಆದ್ರೂ ನಮ್ಮ ರೂಮಿಗೆ ಹಾಕಿದ್ರೆ, ಬರೀ ಗೋಡೆ ಇದ್ದಾಗ 3 ಸೆಕೆಂಡಿನ ಹತ್ತಿರ ಬರುತ್ತೆ. ಎರಡು ಹಾಸಿಗೆ, ಒಂದು ಜಮಖಾನ, ಕರ್ಟನ್, ಬಾಗಿಲ ಹಿಂದೆ ನೇತಾಕಿದ ವಾರದ ಬಟ್ಟೆ, ನಾಲ್ಕು ಜನ ಸೇರಿದ್ರೆ ಅದು 1 ಸೆಕೆಂಡಿಗಿಂತ ಕೆಳಗೆ ಬರುತ್ತೆ. ಬಟ್ಟೆ ಒಗೆಯದೇ ಇರೋಕೆ ಇದನ್ನ ಕಾರಣವಾಗಿ ಬಳಸಬಹುದು.

ಮೊಟ್ಟೆ ಟ್ರೇ ಮಾತ್ರ ಅಂಟಿಸಬೇಡಿ. ಪ್ರತಿ ವರ್ಷ ಯಾವುದೋ ರೂಮಲ್ಲಿ ಯಾರೋ ಅಂಟಿಸ್ತಾರೆ. ತೆಳು ರಟ್ಟು ಮೇಲಿನ ಶಬ್ದವನ್ನ ಸ್ವಲ್ಪ ಚದುರಿಸುತ್ತೆ, ಬೇಸಿಗೆ ಅದು ಇದ್ದದ್ದೇ ಗೊತ್ತಾಗಲ್ಲ. 100 ಹರ್ಟ್ಸ್ ತರಂಗದ ಕಾಲು ಭಾಗ 86 ಸೆಂಟಿಮೀಟರ್, ಟ್ರೇ ದಪ್ಪ ಎರಡು ಬೆರಳು. ಪಕ್ಕದ ರೂಮಿಗೆ ಸದ್ದು ಹೋಗೋದನ್ನಂತೂ ಅದು ತಡೆಯೋದೇ ಇಲ್ಲ. ಜಿರಳೆ ಬರುತ್ತೆ, ವಾರ್ಡನ್ ಬರ್ತಾರೆ.

ಹಾಸ್ಟೆಲಿಗೆ ನಮ್ಮ ಸಲಹೆ, ಹತ್ತಿರ ಕೂತು ಕೇಳಿ. ಓದೋ ಟೇಬಲ್ ಮೇಲೆ ಎರಡು ಸ್ಪೀಕರ್, ನಡುವೆ 80 ಸೆಂಟಿಮೀಟರ್, ನಿಮ್ಮ ತಲೆಗೂ 80 ಸೆಂಟಿಮೀಟರ್. ಅಷ್ಟು ಹತ್ತಿರದಲ್ಲಿ ನೇರ ಶಬ್ದವೇ ಗೋಡೆಯ ಶಬ್ದಕ್ಕಿಂತ ಜೋರು, ರೂಮಿನ ಕಾಟ ಅರ್ಧ ಕಮ್ಮಿ. ವಾಲ್ಯೂಮೂ ಕಮ್ಮಿ ಸಾಕು. ಅಡಿಗೆ ಚಪ್ಪಲಿ ತುಂಡು, ಮುಂದೆ ಸ್ವಲ್ಪ ಎತ್ತರಿಸಿ ಮುಖ ಕಿವಿ ಕಡೆಗೆ. ಮೂಲೆ ಟೇಬಲ್ ಆದ್ರೆ ಟೇಬಲ್ಲನ್ನೇ ಮೂಲೆಯಿಂದ ಈಚೆ ಎಳೀರಿ.

ಕೊನೆಗೆ ಒಂದು ಸಣ್ಣ ಕೆಲಸ. ಸರಿಯಾದ ಜಾಗ ಸಿಕ್ಕ ಮೇಲೆ ಸ್ಟೂಲಿನ ನಾಲ್ಕು ಕಾಲಿನ ಸುತ್ತ ನೆಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಕೂರೋ ಚೇರಿಗೂ ಮಾಡಿ. ಬೆಳಗ್ಗೆ ನೆಲ ಒರೆಸುವಾಗ ಎಲ್ಲಾ ಸರಿಸಿರ್ತಾರೆ, ವಾಪಸ್ ಇಡುವಾಗ ಗೋಡೆಗೆ ಒತ್ತಿ ಇಡೋದು ನಮ್ಮೆಲ್ಲರ ಕೈಗೆ ಬಂದ ಅಭ್ಯಾಸ. ಟೇಪ್ ಎರಡು ತಿಂಗಳಿಗೆ ಕಿತ್ತು ಬರುತ್ತೆ, ಆಗ ಹೊಸದು ಅಂಟಿಸಿ.